ವಾರದ ಹೆಸರಿಲ್ಲದ ದಿನ

ಡಿಸೆಂಬರ್ ತಿಂಗಳು ಮುಗಿಯುತ್ತಾ ಬಂದಂತೆ ನಮ್ಮ ಮನೆಗಳ ಗೋಡೆಗೆ ಹೊಸ ಕ್ಯಾಲೆಂಡರ್ ಬರುತ್ತದೆ. ಅಂಗಡಿಯವರು ಕೊಟ್ಟದ್ದೋ, ಸಹಕಾರಿ ಬ್ಯಾಂಕಿನವರು ಕೊಟ್ಟದ್ದೋ, ಹಣ ಕೊಟ್ಟು ತಂದದ್ದೋ, ಹಳೆಯ ಮೊಳೆಗೆ ಅದನ್ನು ಸಿಕ್ಕಿಸಿದ ಕೂಡಲೇ ಮನೆಮಂದಿಯೆಲ್ಲ ಅದರ ಮುಂದೆ ನಿಲ್ಲುತ್ತೇವೆ. ಮಕ್ಕಳು ಕೆಂಪು ಅಂಕಿಗಳನ್ನು ಎಣಿಸುತ್ತಾರೆ. ಹಿರಿಯರು ರಮಝಾನ್ ಯಾವಾಗ ಬೀಳುತ್ತದೆಂದು ಹುಡುಕುತ್ತಾರೆ. ಪಕ್ಕದ ಮನೆಯವರು ಅದೇ ಹಾಳೆಯಲ್ಲಿ ಯುಗಾದಿಯನ್ನೂ ಏಕಾದಶಿಯನ್ನೂ, ಆಚೆ ಬೀದಿಯವರು ಈಸ್ಟರನ್ನೂ ಹುಡುಕುತ್ತಾರೆ. ಒಂದೇ ಚೌಕದೊಳಗೆ ದೊಡ್ಡ ಅಕ್ಷರದ ತಾರೀಕು, ಅದರ ಕೆಳಗೆ ತಿಥಿ-ನಕ್ಷತ್ರ, ಮೂಲೆಯಲ್ಲಿ ಹಿಜರಿ ದಿನ. ಇಷ್ಟೊಂದು ಲೆಕ್ಕಗಳು ಒಂದರ ಮೈಮೇಲೆ ಒಂದು ಬೀಳದೆ ಒಂದೇ ಕಾಗದದಲ್ಲಿ ಬದುಕಿಕೊಂಡಿವೆ. ನಿತ್ಯ ನೋಡುವ ವಸ್ತುವಾದ್ದರಿಂದ ಅದು ನಮಗೆ ವಿಶೇಷವೆಂದು ಅನಿಸುವುದೇ ಇಲ್ಲ.

ಆದರೆ ಒಂದು ಪ್ರಶ್ನೆಯನ್ನು ಕೇಳಿ ನೋಡೋಣ. ಈ ಗೊಂದಲವನ್ನೆಲ್ಲ ಅಳಿಸಿ ಎಲ್ಲರಿಗೂ ಒಂದೇ ಅಚ್ಚುಕಟ್ಟಾದ ಕ್ಯಾಲೆಂಡರನ್ನು ಯಾರಾದರೂ ಮಾಡಿಕೊಟ್ಟರೆ ಅದನ್ನು ನಾವು ಸ್ವಾಗತಿಸಬೇಕೇ? ದಿನಗಳ ಲೆಕ್ಕವನ್ನು ಬದಲಿಸುವ ಅಧಿಕಾರ ಯಾರಿಗಿದೆ? ದೊರೆಗೋ, ವಿಜ್ಞಾನಿಗೋ, ಬಹುಮತಕ್ಕೋ?

ಕಥೆಯೊಳಗಿನ ಕ್ಯಾಲೆಂಡರ್

ಇದಕ್ಕೆ ಉತ್ತರ ಹುಡುಕಲು ಮೊದಲು ಎಲ್ಲೂ ಇಲ್ಲದ ಒಂದು ದೇಶಕ್ಕೆ ಹೋಗಿ ಬರೋಣ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಭಾಷಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೆ.ಆರ್.ಆರ್. ಟೋಲ್ಕಿನ್ 1954-55ರಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಬೃಹತ್ ಕಾದಂಬರಿಯನ್ನು ಪ್ರಕಟಿಸಿದರು. 2001ರಿಂದ 2003ರ ನಡುವೆ ಬಂದ ಮೂರು ಚಲನಚಿತ್ರಗಳ ಮೂಲಕ ನಮ್ಮ ಹುಡುಗರಿಗೂ ಅದು ಪರಿಚಿತ. ಆದರೆ ಚಿತ್ರ ನೋಡಿದವರಿಗೆ ಗೊತ್ತಿಲ್ಲದ ಒಂದು ಸಂಗತಿ ಪುಸ್ತಕದ ಕೊನೆಯಲ್ಲಿದೆ. ಲೇಖಕರು ಪುಟಗಟ್ಟಲೆ ಅನುಬಂಧಗಳನ್ನು ಬರೆದು, ಅವುಗಳಲ್ಲಿ ಒಂದನ್ನು ಪೂರ್ತಿಯಾಗಿ ತಮ್ಮ ಕಲ್ಪನೆಯ ನಾಡುಗಳ ಕ್ಯಾಲೆಂಡರಿಗೇ ಮೀಸಲಿಟ್ಟಿದ್ದಾರೆ.

ಆ ನಾಡುಗಳಲ್ಲಿ ಗೊಂಡೋರ್ ಎಂಬುದು ದೊಡ್ಡ ರಾಜ್ಯ. ಶೈರ್ ಎಂಬುದು ಹಾಬಿಟ್ ಎಂಬ ಗಿಡ್ಡ ಜನರ ಕೃಷಿಕ ಸೀಮೆ. ಶೈರಿನ ವರ್ಷಕ್ಕೆ ತಲಾ 30 ದಿನಗಳ 12 ತಿಂಗಳು. ಒಟ್ಟು 360. ಉಳಿದ 5 ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ. ಎರಡು ದಿನ ಚಳಿಗಾಲದಲ್ಲಿ ವರ್ಷದ ತುದಿ-ಮೊದಲಿಗೆ, ಮೂರು ದಿನ ಬೇಸಗೆಯ ನಡುವೆ. ಎಲ್ಲವೂ ಹಬ್ಬದ ದಿನಗಳೇ. ಅಧಿಕ ವರ್ಷದಲ್ಲಿ ಬೇಸಗೆಗೆ ಇನ್ನೊಂದು ದಿನ ಸೇರುತ್ತದೆ.

ಹಾಬಿಟ್‌ಗಳಿಗೆ ಒಂದು ಕಿರಿಕಿರಿ ಇತ್ತು. 365ನ್ನು 7ರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಹಾಗಾಗಿ ಪ್ರತಿ ವರ್ಷವೂ ತಾರೀಕು ಮತ್ತು ವಾರದ ಜೋಡಿ ತಪ್ಪುತ್ತಿತ್ತು. ಈ ಕಿರಿಕಿರಿ ನಮಗೂ ಇದೆ. ಅವರು ಅದಕ್ಕೊಂದು ಸುಲಭ ಉಪಾಯ ಕಂಡುಕೊಂಡರು. ವರ್ಷದ ನಟ್ಟನಡುವಿನ ದಿನಕ್ಕೆ ವಾರದ ಹೆಸರನ್ನೇ ಕೊಡಲಿಲ್ಲ. ಅದು ಭಾನುವಾರವೂ ಅಲ್ಲ, ಸೋಮವಾರವೂ ಅಲ್ಲ, ಬರಿಯ ‘ವರ್ಷಮಧ್ಯದ ದಿನ’. ಅಧಿಕ ವರ್ಷದ ಹೆಚ್ಚುವರಿ ದಿನಕ್ಕೂ ಹಾಗೆಯೇ. ಉಳಿದ 364 ದಿನಗಳು ಸರಿಯಾಗಿ 52 ವಾರಗಳಾದವು. ಒಮ್ಮೆ ಮಾಡಿದ ಕ್ಯಾಲೆಂಡರ್ ಶಾಶ್ವತವಾಯಿತು. ಈ ಏರ್ಪಾಟಿನಲ್ಲಿ ಯಾವ ತಿಂಗಳ ಒಂದನೇ ತಾರೀಕೂ ಶುಕ್ರವಾರ ಬೀಳುವುದಿಲ್ಲ. ಆದ್ದರಿಂದ ಎಂದೂ ನಡೆಯದ ಕೆಲಸವನ್ನು ‘ಒಂದನೇ ತಾರೀಕು ಶುಕ್ರವಾರ ಮಾಡೋಣ’ ಎಂದು ತಮಾಷೆ ಮಾಡುವುದು ಆ ನಾಡಿನ ರೂಢಿಯಾಯಿತಂತೆ. ಇನ್ನೂ ಒಂದು ಸ್ವಾರಸ್ಯವಿದೆ. ಅವರ ವಾರದ ಮುಖ್ಯ ದಿನ ನಮ್ಮ ಶುಕ್ರವಾರದ ಸ್ಥಾನದಲ್ಲಿರುವ ದಿನವೇ. ಅಂದು ಮಧ್ಯಾಹ್ನದ ಬಳಿಕ ಬಿಡುವು, ಸಂಜೆ ಔತಣ.

ಎಷ್ಟು ಚೆಂದದ ವ್ಯವಸ್ಥೆ! ಇದರಿಂದ ಆ ನಾಡಿನಲ್ಲಿ ಯಾರಿಗೂ ನೋವಾಗಲಿಲ್ಲ. ಏಕೆಂದರೆ ಅಲ್ಲಿರುವವರೆಲ್ಲ ಒಂದೇ ಜನ, ಒಂದೇ ಹಬ್ಬ. ಏಳು ದಿನಗಳಿಗೊಮ್ಮೆ ತಪ್ಪದೆ ಬರಲೇಬೇಕಾದ ಪ್ರಾರ್ಥನೆಯ ದಿನ ಅವರಲ್ಲಿ ಯಾರಿಗೂ ಇರಲಿಲ್ಲ.

ಕಥೆಯಿಂದ ವಿಶ್ವಸಂಸ್ಥೆಗೆ

ಇಂತಹದೇ ಯೋಜನೆಯೊಂದು ನಮ್ಮ ಜಗತ್ತಿನಲ್ಲೂ ಜಾರಿಗೆ ಬರುವ ಹಂತಕ್ಕೆ ಬಂದಿತ್ತು ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ವಾರದ ಹೆಸರಿಲ್ಲದ ದಿನದ ಕಲ್ಪನೆಯನ್ನು 1834ರಲ್ಲಿ ಇಟೆಲಿಯ ಪಾದ್ರಿ ಮಾರ್ಕೊ ಮಾಸ್ತ್ರೊಫಿನಿ ಮಂಡಿಸಿದ್ದರು. 1930ರಲ್ಲಿ ಅಮೆರಿಕದ ಎಲಿಜಬೆತ್ ಅಕೆಲಿಸ್ ಎಂಬ ಮಹಿಳೆ ಇದಕ್ಕಾಗಿ ಸಂಘವನ್ನೇ ಕಟ್ಟಿ ‘ವಿಶ್ವ ಕ್ಯಾಲೆಂಡರ್’ ಎಂಬ ಹೆಸರಿನಲ್ಲಿ ಪ್ರಚಾರ ಮಾಡಿದರು. ಅದರಂತೆ ವರ್ಷಕ್ಕೆ ಸಮಾನವಾದ ನಾಲ್ಕು ಭಾಗಗಳು. ಪ್ರತಿ ಭಾಗಕ್ಕೂ 31, 30, 30 ದಿನಗಳ ಮೂರು ತಿಂಗಳು. ಒಟ್ಟು 91 ದಿನ, ಅಂದರೆ ಸರಿಯಾಗಿ 13 ವಾರ. ಜನವರಿ 1 ಯಾವಾಗಲೂ ಭಾನುವಾರ. ಡಿಸೆಂಬರ್ 30, ಶನಿವಾರದ ನಂತರ ಬರುವ 365ನೇ ದಿನ ವಾರವಿಲ್ಲದ ‘ವಿಶ್ವದಿನ’.

1931ರಲ್ಲಿ ಜಿನೀವಾದಲ್ಲಿ ರಾಷ್ಟ್ರಸಂಘದ ಸಮ್ಮೇಳನದ ಮುಂದೆ ಈ ಬಗೆಯ ಯೋಜನೆಗಳು ಬಂದವು. ಬ್ರಿಟಿಷ್ ಸಾಮ್ರಾಜ್ಯದ ಯಹೂದಿಗಳ ಪ್ರಧಾನ ಧರ್ಮಗುರು ಜೋಸೆಫ್ ಹರ್ಟ್ಸ್ ಇದನ್ನು ತೀವ್ರವಾಗಿ ವಿರೋಧಿಸಿದರು. ಎರಡನೇ ಮಹಾಯುದ್ಧದ ನಂತರ ಈ ವಿಷಯವನ್ನು ವಿಶ್ವಸಂಸ್ಥೆಯಲ್ಲಿ ಮತ್ತೆ ಎತ್ತಿದ್ದು ಬೇರೆ ಯಾರೂ ಅಲ್ಲ, ನಮ್ಮ ಭಾರತ. 1954ರ ಜಿನೀವಾ ಅಧಿವೇಶನದಲ್ಲಿ ಖ್ಯಾತ ಭೌತವಿಜ್ಞಾನಿ ಮೇಘನಾದ ಸಾಹಾ ಭಾರತದ ಪರವಾಗಿ ಇದನ್ನು ಸಮರ್ಥಿಸಿದರು. 1955ರಲ್ಲಿ ಅಮೆರಿಕ, ತನ್ನ ಪ್ರಜೆಗಳಲ್ಲಿ ಅನೇಕರ ಧಾರ್ಮಿಕ ನಂಬಿಕೆಗೆ ಇದು ವಿರುದ್ಧವೆಂದು ಹೇಳಿ ಒಪ್ಪಲಿಲ್ಲ. 1956ರಲ್ಲಿ ವಿಷಯವನ್ನು ಬದಿಗಿಡಲಾಯಿತು. ಮುಂದೆ 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯೂ ತನ್ನ ನಿಲುವನ್ನು ಪ್ರಕಟಿಸಿತು. ಏಳು ದಿನಗಳ ವಾರಕ್ಕೆ ಭಂಗ ಬಾರದಿದ್ದರೆ ಮಾತ್ರ ಶಾಶ್ವತ ಕ್ಯಾಲೆಂಡರಿಗೆ ತನ್ನ ಆಕ್ಷೇಪವಿಲ್ಲ ಎಂಬುದು ಅದರ ತಾತ್ಪರ್ಯ.

ಸಾಹಾ ಅವರನ್ನು ಯಾವುದೇ ಧರ್ಮದ ವಿರೋಧಿ ಎಂದು ಚಿತ್ರಿಸಿದರೆ ಅದು ಅನ್ಯಾಯವಾದೀತು. ಢಾಕಾ ಸಮೀಪದ ಹಳ್ಳಿಯೊಂದರ ಬಡ ಕುಟುಂಬದಿಂದ ಬಂದ ಅವರಿಗೆ ವಿಜ್ಞಾನ ಜನರ ಬದುಕನ್ನು ಹಗುರಗೊಳಿಸಬೇಕೆಂಬ ಹಂಬಲವಿತ್ತು. 1952ರಲ್ಲಿ ರಚನೆಯಾದ ಕ್ಯಾಲೆಂಡರ್ ಸುಧಾರಣಾ ಸಮಿತಿಗೆ ಅವರೇ ಅಧ್ಯಕ್ಷರು. ಆಗ ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗಗಳು ಬಳಕೆಯಲ್ಲಿದ್ದವು. ಸೂರ್ಯ ಉತ್ತರಕ್ಕೆ ತಿರುಗುವ ದಿನಕ್ಕೂ ನಾವು ಮಕರ ಸಂಕ್ರಾಂತಿ ಎಂದು ಕರೆಯುವ ದಿನಕ್ಕೂ ಮೂರು ವಾರಗಳಿಗಿಂತ ಹೆಚ್ಚಿನ ಅಂತರ ಬಿದ್ದಿರುವುದು ಅವರನ್ನು ಕಾಡುತ್ತಿತ್ತು. ಸಮಿತಿಯ ವರದಿಯಂತೆ 1957ರ ಮಾರ್ಚ್ 22ರಂದು, ಶಕ 1879ರ ಚೈತ್ರ 1ರಿಂದ, ರಾಷ್ಟ್ರೀಯ ಕ್ಯಾಲೆಂಡರ್ ಜಾರಿಗೆ ಬಂತು. ಅದನ್ನು ಕಾಣಲು ಸಾಹಾ ಇರಲಿಲ್ಲ. 1956ರ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು. ಸರಕಾರಿ ಗೆಜೆಟ್ಟಿನಲ್ಲಿ ಆ ಕ್ಯಾಲೆಂಡರಿಗೆ ಸ್ಥಾನ ಸಿಕ್ಕಿತು. ಜನರ ಮನೆಯೊಳಗೆ ಮಾತ್ರ ಅದು ಹೊಕ್ಕಲಿಲ್ಲ.

ಅಚ್ಚುಕಟ್ಟುತನದ ಬೆಲೆ

ವಿಶ್ವ ಕ್ಯಾಲೆಂಡರಿನ ಪರವಾದ ವಾದಗಳು ದುರ್ಬಲವೇನೂ ಅಲ್ಲ. ಈಗಿನ ಕ್ಯಾಲೆಂಡರಿನಲ್ಲಿ ವರ್ಷದ ನಾಲ್ಕು ಭಾಗಗಳು 90, 91, 92, 92 ದಿನಗಳಾಗಿ ಅಸಮಾನವಾಗಿವೆ. ಒಂದು ತಿಂಗಳಲ್ಲಿ ನಾಲ್ಕು ಭಾನುವಾರ, ಇನ್ನೊಂದರಲ್ಲಿ ಐದು. ಲೆಕ್ಕಪತ್ರ ಇಡುವವರಿಗೂ ಶಾಲೆಯ ವೇಳಾಪಟ್ಟಿ ಮಾಡುವವರಿಗೂ ಇದು ತಲೆನೋವು. ಒಂದು ದಿನಕ್ಕೆ ವಾರದ ಹೆಸರಿಲ್ಲದಿದ್ದರೆ ಆಕಾಶ ಕಳಚಿ ಬೀಳುತ್ತದೆಯೇ ಎಂದು ಅವರು ಕೇಳುತ್ತಿದ್ದರು.

ಆಕಾಶ ಬೀಳುವುದಿಲ್ಲ. ಆದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಶನಿವಾರದ ಮರುದಿನ ‘ವಿಶ್ವದಿನ’. ಅದರ ಮರುದಿನಕ್ಕೆ ಭಾನುವಾರವೆಂದು ಹೆಸರು. ಆದರೆ ಏಳರ ಎಣಿಕೆಯನ್ನು ತಪ್ಪದೆ ಪಾಲಿಸುವವರ ಪಾಲಿಗೆ ಆ ‘ವಿಶ್ವದಿನ’ವೇ ನಿಜವಾದ ಭಾನುವಾರ, ಸರಕಾರ ಭಾನುವಾರ ಎನ್ನುವುದು ಅವರಿಗೆ ಸೋಮವಾರ. ಆ ವರ್ಷವಿಡೀ ನಮ್ಮ ಜುಮಾ ಸರಕಾರಿ ಲೆಕ್ಕದ ಗುರುವಾರ ಬರುತ್ತದೆ. ಮರುವರ್ಷ ಬುಧವಾರ. ಅಧಿಕ ವರ್ಷವಾದರೆ ನಡುವೆಯೇ ಇನ್ನೊಂದು ಹೆಜ್ಜೆ ಹಿಂದೆ. ಐದಾರು ವರ್ಷಗಳಲ್ಲಿ ಅದು ಇಡೀ ವಾರವನ್ನು ಸುತ್ತಿ ಬರುತ್ತದೆ. ಯಹೂದಿಗಳ ಶನಿವಾರದ ಕಥೆಯೂ ಇದೇ, ಕ್ರೈಸ್ತರ ಭಾನುವಾರದ ಕಥೆಯೂ ಇದೇ.

‘ನಿಮ್ಮ ಏಳನ್ನು ನೀವು ಖಾಸಗಿಯಾಗಿ ಎಣಿಸಿಕೊಳ್ಳಿ, ಬೇಡವೆಂದವರು ಯಾರು?’ ಎಂಬ ಉತ್ತರ ಸಿದ್ಧವಿತ್ತು. ಮೇಲ್ನೋಟಕ್ಕೆ ಉದಾರವಾಗಿಯೂ ಕಾಣುತ್ತದೆ. ಆದರೆ ಎಣಿಸುವುದಷ್ಟೇ ಪ್ರಶ್ನೆಯಲ್ಲ. ಸ್ವಂತ ಅಂಗಡಿ ಇರುವವನು ಬುಧವಾರವಾದರೂ ಶಟರ್ ಎಳೆದು ನಮಾಝಿಗೆ ಹೋದಾನು. ಗಾರ್ಮೆಂಟ್ ಕಾರ್ಖಾನೆಯಲ್ಲಿ, ಗಾರೆ ಕೆಲಸದಲ್ಲಿ, ಬಸ್ಸಿನ ಚಾಲಕನ ಸೀಟಿನಲ್ಲಿ ಇರುವವನು ಏನು ಮಾಡಬೇಕು? ಇಂದು ನಮ್ಮ ದೇಶದಲ್ಲಿ ಶುಕ್ರವಾರ ರಜೆಯಿಲ್ಲ; ನಾವು ಅದನ್ನು ದೊಡ್ಡ ಕುಂದುಕೊರತೆ ಎಂದೂ ಭಾವಿಸಿಲ್ಲ. ‘ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ಬಿಡಿ ಸಾರ್, ಸಂಜೆ ತುಂಬಿಸಿಕೊಡುತ್ತೇನೆ’ ಎಂದು ಕೆಲಸಕ್ಕೆ ಸೇರುವಾಗಲೇ ಒಮ್ಮೆ ಮಾತಾಡಿಕೊಂಡರೆ ಅದು ಹಾಗೆಯೇ ನಡೆದುಕೊಂಡು ಹೋಗುತ್ತದೆ. ಮೇಸ್ತ್ರಿಗೂ ಗೊತ್ತು, ಜೊತೆಯವರಿಗೂ ಗೊತ್ತು. ದಿನ ವರ್ಷ ವರ್ಷವೂ ಅಲೆದಾಡಿದರೆ ಈ ಒಪ್ಪಂದ ಉಳಿಯುವುದಿಲ್ಲ. ಪ್ರತಿ ವರ್ಷ ಹೊಸದಾಗಿ ಕೈಮುಗಿಯಬೇಕು. ಅಂತೂ ಲೆಕ್ಕ ಬರೆಯುವವರ ಮೇಜು ಚೊಕ್ಕಟವಾಗುತ್ತದೆ. ಅದರ ಬೆಲೆಯನ್ನು ತನ್ನ ರಜೆಯನ್ನು ತಾನು ನಿರ್ಧರಿಸಲಾಗದ ಬಡವ ಕೊಡುತ್ತಾನೆ.

ಹೀಗೆ ನಡೆದದ್ದೂ ಉಂಟು. ಫ್ರಾನ್ಸಿನ ಕ್ರಾಂತಿಕಾರಿಗಳು 1793ರಲ್ಲಿ ಹೊಸ ಕ್ಯಾಲೆಂಡರ್ ತಂದು ಹತ್ತು ದಿನಗಳ ವಾರ ಮಾಡಿದರು. ಏಳು ದಿನಗಳಿಗೊಮ್ಮೆ ಸಿಗುತ್ತಿದ್ದ ವಿಶ್ರಾಂತಿ ಹತ್ತಕ್ಕೊಮ್ಮೆ ಎಂದಾಯಿತು. 1806ರ ಜನವರಿ 1ರಂದು ಆ ಕ್ಯಾಲೆಂಡರನ್ನು ಕೈಬಿಡಲಾಯಿತು. ಸೋವಿಯತ್ ಒಕ್ಕೂಟ 1929ರಲ್ಲಿ ಐದು ದಿನಗಳ ವಾರ ತಂದಿತು. ಯಂತ್ರಗಳು ಎಂದೂ ನಿಲ್ಲಬಾರದೆಂದು ಕೆಲಸಗಾರರನ್ನು ಐದು ಗುಂಪುಗಳಾಗಿ ಮಾಡಿ ಒಂದೊಂದು ಗುಂಪಿಗೆ ಒಂದೊಂದು ದಿನ ಬಿಡುವು ಕೊಟ್ಟಿತು. ಗಂಡನಿಗೆ ಬಿಡುವಿದ್ದಾಗ ಹೆಂಡತಿಗಿಲ್ಲ, ತಾಯಿಗಿದ್ದಾಗ ಮಕ್ಕಳಿಗಿಲ್ಲ. ಮನೆಯವರು ಒಟ್ಟಿಗೆ ಕೂತು ಉಣ್ಣದ ರಜೆಯನ್ನು ರಜೆಯೆನ್ನಲು ಸಾಧ್ಯವೇ? 1931ರಲ್ಲಿ ಅದನ್ನು ಆರು ದಿನ ಮಾಡಿ, ಕೊನೆಗೆ 1940ರಲ್ಲಿ ಏಳು ದಿನಗಳ ವಾರಕ್ಕೇ ಮರಳಿದರು.

ಬದಲಾವಣೆಯೆಲ್ಲ ತಪ್ಪೇ?

ಹಾಗಾದರೆ ಕ್ಯಾಲೆಂಡರನ್ನು ಮುಟ್ಟಲೇಬಾರದೆಂದು ನಾವು ಹೇಳುತ್ತಿದ್ದೇವೆಯೇ? ಖಂಡಿತ ಇಲ್ಲ. ಮುಟ್ಟದೇ ಇರುವುದೂ ಕೆಲವೊಮ್ಮೆ ಅನ್ಯಾಯವಾಗುತ್ತದೆ.

ಹಿಜರಿ ವರ್ಷ ಚಂದ್ರನ ಲೆಕ್ಕದ್ದು. ಸುಮಾರು 354 ದಿನ. ಪೈರು ಬೆಳೆಯುವುದು ಸೂರ್ಯನ ಲೆಕ್ಕದಲ್ಲಿ. ಸುಮಾರು 32 ಸೌರ ವರ್ಷಗಳಾಗುವಷ್ಟರಲ್ಲಿ 33 ಚಾಂದ್ರ ವರ್ಷಗಳು ಮುಗಿಯುತ್ತವೆ. ಹಿಜರಿ ವರ್ಷಕ್ಕೊಮ್ಮೆ ಕಂದಾಯ ವಸೂಲು ಮಾಡಿದರೆ ರೈತ 32 ಬೆಳೆ ತೆಗೆದು 33 ಕಂದಾಯ ಕಟ್ಟಬೇಕಾಗುತ್ತದೆ. 1584ರಲ್ಲಿ ಅಕ್ಬರ್ ಸೌರಮಾನದ ಇಲಾಹಿ ಶಕೆಯನ್ನು ತಂದಾಗ ಹೇಳಿದ ಕಾರಣಗಳಲ್ಲಿ ರೈತರ ಮೇಲಿನ ಈ ಹೊರೆಯೂ ಒಂದು. ಅದಕ್ಕಿಂತ ಐದು ಶತಮಾನ ಮೊದಲು, 1079ರಲ್ಲಿ, ಸೆಲ್ಜುಕ್ ಸುಲ್ತಾನ ಮಲಿಕ್ ಶಾಹನ ಕಾಲದಲ್ಲಿ ಉಮರ್ ಖಯ್ಯಾಮ್ ಮತ್ತಿತರ ವಿದ್ವಾಂಸರು ಜಲಾಲಿ ಎಂಬ ನಿಖರವಾದ ಸೌರ ಕ್ಯಾಲೆಂಡರನ್ನು ರೂಪಿಸಿದ್ದರು. ಅದರಿಂದ ಹಿಜರಿ ಲೆಕ್ಕಕ್ಕೆ ಕುಂದು ಬರಲಿಲ್ಲ. ಉಪವಾಸ ಮತ್ತು ಹಜ್ಜಿಗೆ ಚಂದ್ರ, ಹೊಲ ಮತ್ತು ಕಂದಾಯಕ್ಕೆ ಸೂರ್ಯ. ಎರಡೂ ಜೊತೆಜೊತೆಯಾಗಿ ನಡೆದವು.

ಚಂದ್ರನ ಲೆಕ್ಕ ಅಷ್ಟೊಂದು ಅನನುಕೂಲವಾದರೆ ಆರಾಧನೆಗಾದರೂ ಅದೇಕೆ ಎಂದು ಕೆಲವರು ಕೇಳುತ್ತಾರೆ. ರಮಝಾನ್ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತುತ್ತದೆ. ಅದನ್ನು ಜೂನ್ ತಿಂಗಳಿಗೆ ಕಟ್ಟಿಹಾಕಿದ್ದರೆ ಉತ್ತರ ಗೋಲಾರ್ಧದವರು ಜೀವನವಿಡೀ ದೀರ್ಘ ಹಗಲಿನ ಉಪವಾಸ ಮಾಡಬೇಕಾಗುತ್ತಿತ್ತು, ದಕ್ಷಿಣದವರಿಗೆ ಎಂದೆಂದೂ ಗಿಡ್ಡ ಹಗಲು. ಸುತ್ತುವುದರಿಂದ ಕಷ್ಟವೂ ಸುಲಭವೂ ಎಲ್ಲರ ಪಾಲಿಗೂ ಸರದಿಯಂತೆ ಬರುತ್ತವೆ. ನೋಡಲು ಅಸ್ತವ್ಯಸ್ತವೆಂದು ಕಾಣುವ ಲೆಕ್ಕದಲ್ಲೂ ಒಂದು ನ್ಯಾಯವಿರಬಹುದು ಎಂಬುದಕ್ಕೆ ಇದು ನಿದರ್ಶನ.

ನಮ್ಮ ನಾಡಿನದೇ ಒಂದು ಉದಾಹರಣೆಯಿದೆ. ಟಿಪ್ಪು ಸುಲ್ತಾನ್ 1780ರ ದಶಕದ ಉತ್ತರಾರ್ಧದಲ್ಲಿ ‘ಮೌಲೂದಿ’ ಎಂಬ ಹೊಸ ಶಕೆಯನ್ನು ಜಾರಿಗೆ ತಂದ. ಅಹ್ಮದಿ, ಬಹಾರಿ, ಜಾಫರಿ ಎಂದು ತಿಂಗಳುಗಳಿಗೆ ಹೊಸ ಹೆಸರು. ಆ ಹೆಸರುಗಳ ಆರಂಭದ ಅಕ್ಷರಗಳಲ್ಲೇ ತಿಂಗಳ ಕ್ರಮಾಂಕ ಅಡಗಿತ್ತು. ನಾಣ್ಯಗಳ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಕುತೂಹಲದ ಸಂಗತಿಯೆಂದರೆ ಹೆಸರು ಹೊಸದಾದರೂ ಒಳಗಿನ ಲೆಕ್ಕ ನಮ್ಮ ಪಂಚಾಂಗದಂತೆ ಚಾಂದ್ರ-ಸೌರಮಾನದ್ದೇ. ಅಧಿಕ ಮಾಸವೂ ಅದರಲ್ಲಿತ್ತು, 60 ಸಂವತ್ಸರಗಳ ಚಕ್ರವೂ ಇತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು. ಆ ಕ್ಯಾಲೆಂಡರ್ ಅದರೊಂದಿಗೇ ಹೋಯಿತು. ಅದೇ ಊರುಗಳಲ್ಲಿ ಯುಗಾದಿಯೂ ಮೊಹರಂ ಕೂಡಾ ಅದಕ್ಕೆ ಮೊದಲೂ ಇದ್ದವು, ಆಮೇಲೂ ಉಳಿದವು. ದೊರೆ ತಂದ ಲೆಕ್ಕ ದೊರೆಯೊಂದಿಗೆ ಹೋಗುತ್ತದೆ. ಜನರ ಬದುಕಿನಲ್ಲಿ ಬೇರುಬಿಟ್ಟದ್ದು ಮಾತ್ರ ಉಳಿಯುತ್ತದೆ.

ಟೋಲ್ಕಿನ್ ತಮ್ಮ ಕಥೆಯಲ್ಲೂ ಇದನ್ನು ಗುರುತಿಸಿದ್ದಾರೆ. ಯುದ್ಧ ಗೆದ್ದ ಗೊಂಡೋರಿನ ರಾಜ, ಶತ್ರು ನಾಶವಾದ ಮಾರ್ಚ್ 25ರಿಂದ ಹೊಸ ವರ್ಷ ಆರಂಭವಾಗಲೆಂದು ಆಜ್ಞೆ ಮಾಡುತ್ತಾನೆ. ಆದರೆ ಶೈರಿನ ಜನ ಆ ದಿನವನ್ನು ಆಚರಿಸಲಿಲ್ಲ. ಅವರಲ್ಲಿ ಕೆಲವರು ಏಪ್ರಿಲ್ 6ರಂದು ಬಯಲಿನಲ್ಲಿ ಕುಣಿದು ಹಬ್ಬ ಮಾಡತೊಡಗಿದರು. ಅದೇಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ಊರಿನ ಹಿರಿಯನೊಬ್ಬನ ಹುಟ್ಟುಹಬ್ಬವೆಂದು ಕೆಲವರು, ಅಂದು ಊರಿನ ಮರ ಮೊದಲ ಬಾರಿ ಹೂಬಿಟ್ಟಿತೆಂದು ಕೆಲವರು.

ನಮ್ಮದೇ ಅಂಗಳದಲ್ಲಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ಅಭಿಪ್ರಾಯದಲ್ಲಿ ಕ್ಯಾಲೆಂಡರ್ ಎಷ್ಟು ಅಚ್ಚುಕಟ್ಟಾಗಿದೆ ಎಂಬುದರಿಂದ ಅದರ ಒಳಿತು ಕೆಡುಕನ್ನು ಅಳೆಯಬಾರದು. ಬದಲಾವಣೆಯ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಎಂದು ಕೇಳಬೇಕು. ರೈತನ ಹೊರೆ ಇಳಿಸುವ ಬದಲಾವಣೆ ನ್ಯಾಯ. ಬಲವುಳ್ಳವರ ಅನುಕೂಲಕ್ಕಾಗಿ ಬಲವಿಲ್ಲದವರ ದಿನವನ್ನು ಕದಲಿಸುವುದು ಅನ್ಯಾಯ.

ಆದರೆ ಈ ಅಳತೆಗೋಲನ್ನು ಇತರರ ಮೇಲೆ ಮಾತ್ರ ಪ್ರಯೋಗಿಸಿದರೆ ಸಾಲದು. ನಮ್ಮ ರಾಜ್ಯದಲ್ಲಿ ಈದ್ ಎಷ್ಟೋ ವರ್ಷ ಎರಡು ದಿನ ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಕರಾವಳಿಯವರು ಕೇರಳದ ಚಂದ್ರದರ್ಶನವನ್ನು ಅನುಸರಿಸಿ ಹಬ್ಬ ಮಾಡುವಾಗ ಉಳಿದ ಜಿಲ್ಲೆಗಳಲ್ಲಿ ಇನ್ನೂ ಉಪವಾಸ. ಕಣ್ಣಿನಿಂದ ಕಾಣಬೇಕೇ, ಗಣಿತ ಸಾಕೇ, ಎಲ್ಲಿಯ ಚಂದ್ರ ಎಲ್ಲಿಗೆ ಅನ್ವಯ ಎಂಬ ಚರ್ಚೆಗೆ ವಿದ್ವಾಂಸರಿದ್ದಾರೆ. ಆ ತೀರ್ಪನ್ನು ಇಲ್ಲಿ ಕೊಡುವ ಉದ್ದೇಶ ನಮಗಿಲ್ಲ. ಎರಡು ಕಡೆಯವರೂ ಪ್ರಾಮಾಣಿಕರೇ. ಆದರೆ ರಾತ್ರಿ ಹತ್ತು ಗಂಟೆಗೆ ತೀರ್ಮಾನ ಹೊರಬೀಳುವಾಗ, ನಾಳೆ ರಜೆ ಕೇಳಬೇಕಾದ ದಿನಗೂಲಿಯವನನ್ನು ನಾವು ನೆನೆದಿದ್ದೇವೆಯೇ? ಊರಿಗೆ ಹೋಗುವ ಕೊನೆಯ ಬಸ್ಸು ಹೊರಟುಹೋದ ಮೇಲೆ ಸುದ್ದಿ ತಿಳಿದ ಹಾಸ್ಟೆಲ್ ಹುಡುಗಿಯನ್ನು? ‘ಅವರದ್ದು ಹಬ್ಬವೇ ಅಲ್ಲ’ ಎಂದು ಪರಸ್ಪರ ಹಂಗಿಸುವ ನಾಲಗೆಗಳನ್ನಾದರೂ ನಾವು ತಡೆದಿದ್ದೇವೆಯೇ?

ಇನ್ನೊಂದು ಮಾತು. ನಮ್ಮ ಶುಕ್ರವಾರವನ್ನು ಇತರರು ಗೌರವಿಸಬೇಕೆಂದು ಬಯಸುವ ನಾವು ನಮ್ಮ ಸಭೆ, ಮದುವೆ, ಪರೀಕ್ಷೆಗಳ ದಿನ ಗೊತ್ತುಮಾಡುವಾಗ ಆ ಚೌಕದ ಉಳಿದ ಸಾಲುಗಳನ್ನು ಓದುತ್ತೇವೆಯೇ? ಕೆಲಸದವರಿಗೆ ದೀಪಾವಳಿಯ ದಿನ, ಗುಡ್‌ಫ್ರೈಡೇಯ ದಿನ ಅವರು ಕೇಳುವ ಮೊದಲೇ ರಜೆ ಕೊಡುತ್ತೇವೆಯೇ? ಸಾವಿರ ವರ್ಷಗಳ ಹಿಂದೆ ಅಲ್‌ಬೀರೂನಿ ತನಗೆ ತಿಳಿದ ಜನಾಂಗಗಳ ಶಕೆಗಳು, ಹಬ್ಬಗಳು, ಉಪವಾಸಗಳ ಬಗ್ಗೆ ಒಂದು ದೊಡ್ಡ ಗ್ರಂಥವನ್ನೇ ಬರೆದ. ಯಹೂದಿಗಳದು, ಕ್ರೈಸ್ತರದು, ಪಾರಸಿಕರದು, ಖ್ವಾರಝ್ಮಿನವರದು, ಎಲ್ಲವನ್ನೂ ಶ್ರದ್ಧೆಯಿಂದ ದಾಖಲಿಸಿದ. ಇತರರ ಹಬ್ಬ ಯಾವಾಗ ಎಂದು ತಿಳಿದುಕೊಳ್ಳುವುದರಿಂದ ಅವನ ನಂಬಿಕೆಗೆ ಯಾವ ಕೊರತೆಯೂ ಆಗಲಿಲ್ಲ.

ಕಲ್ಪನೆಯ ನಾಡಿಗೆ ಒಂದು ದಿನವನ್ನು ಹೆಸರಿಲ್ಲದೆ ಬಿಡುವ ಸ್ವಾತಂತ್ರ್ಯವಿದೆ. ನೂರು ಬಗೆಯ ಜನ ಕೂಡಿ ಬದುಕುವ ನಿಜವಾದ ನಾಡಿಗೆ ಆ ಸ್ವಾತಂತ್ರ್ಯವಿಲ್ಲ. ಇಲ್ಲಿ ಪ್ರತಿಯೊಂದು ದಿನವೂ ಯಾರಿಗೋ ಒಬ್ಬರಿಗೆ ಮುಖ್ಯವಾದದ್ದು. ಮುಂದಿನ ಬಾರಿ ಹೊಸ ಕ್ಯಾಲೆಂಡರ್ ಮನೆಗೆ ಬಂದಾಗ ಮಕ್ಕಳಿಗೆ ನಮ್ಮ ಹಬ್ಬಗಳನ್ನು ತೋರಿಸೋಣ. ಬಳಿಕ ಪಕ್ಕದ ಮನೆಯವರ ಹಬ್ಬ ಯಾವಾಗ ಎಂಬುದನ್ನೂ ಅವರ ಕೈಯಿಂದಲೇ ಹುಡುಕಿಸೋಣ.